ಎರಡೂ ಎಡಗೈ ತೋಳು

ದಸರಾ ರಜೆ ಮುಗಿದು ಶಾಲೆ ಶುರುವಾದ ವಾರ. ಮಳೆ ಇನ್ನೂ ಪೂರ್ತಿ ಹೋಗಿರಲಿಲ್ಲ. ಮಗಳು ಬಂದವಳೇ ಒದ್ದೆ ಕೊಡೆಯನ್ನು ಜಗಲಿ ಮೂಲೆಗೆ ಒರಗಿಸಿ, ಗಣಿತದ ನೋಟ್‌ಬುಕ್ ತೆಗೆದು ಸೀದಾ ನನ್ನ ಹೊಲಿಗೆ ಮೆಷಿನ್ ಮೇಲೆ ಇಟ್ಟಳು. ಸೂಜಿ ಕೆಳಗೆ ಬೇರೆಯವರ ಬ್ಲೌಸ್ ಇತ್ತು. ಬೈಯಬೇಕು ಅಂದುಕೊಳ್ಳುವಷ್ಟರಲ್ಲಿ ಅವಳ ಮುಖ ನೋಡಿದೆ. ಅಳು ಗಂಟಲಿಗೆ ಬಂದು ನಿಂತಿತ್ತು.

“ಇದು ಯಾಕೆ ತಪ್ಪು? ಹೇಳಮ್ಮ.”

ಪುಟದಲ್ಲಿ ಒಂದು ಆಯತ. ಅದಕ್ಕೆ ನಾಲ್ಕು ಗೆರೆ ಎಳೆದಿದ್ದಳು. ನಡುವೆ ಉದ್ದಕ್ಕೊಂದು, ಅಡ್ಡಕ್ಕೊಂದು, ಮೂಲೆಯಿಂದ ಮೂಲೆಗೆ ಎರಡು. ಮೂಲೆಯ ಗೆರೆ ಎರಡಕ್ಕೂ ಕೆಂಪು ಶಾಯಿಯಲ್ಲಿ ತಪ್ಪು ಗುರುತು. ಯಾಕೆ ತಪ್ಪು ಅಂತ ಒಂದಕ್ಷರ ಇಲ್ಲ. ಮೇಷ್ಟ್ರನ್ನು ದೂರುವುದಿಲ್ಲ. ಎರಡು ಕ್ಲಾಸಿನ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಪಾಠ ಮಾಡುವವರು ಒಬ್ಬೊಬ್ಬರಿಗೂ ಕಾರಣ ಬರೆಯುತ್ತಾ ಕೂತರೆ ಮುಗಿದ ಹಾಗೆಯೇ.

“ಸಮಮಿತಿ ರೇಖೆ ಅಂದ್ರೆ ಆಕೃತಿಯನ್ನ ಎರಡು ಸಮಭಾಗ ಮಾಡೋ ಗೆರೆ ಅಂತ ಬರೆದ್ಕೊಂಡಿದೀನಿ. ಇದೂ ಸಮಭಾಗವೇ ಅಲ್ವಾ? ಕತ್ತರಿಸಿ ನೋಡಿದೀನಿ. ಎರಡು ತ್ರಿಭುಜಾನೂ ಒಂದೇ ಅಳತೆ.”

ಅವಳ ಮಾತು ಸರಿಯಾಗಿಯೇ ಇತ್ತು. ಎರಡೂ ಒಂದೇ ಅಳತೆ. ಆದರೂ ಉತ್ತರ ತಪ್ಪು. ನನಗೆ ನಗು ಬಂತು, ಅದರ ಬೆನ್ನಿಗೇ ಹೊಟ್ಟೆಯಲ್ಲಿ ಸಣ್ಣಗೆ ಸಂಕಟವೂ ಆಯಿತು. ಇದೇ ತಪ್ಪನ್ನು ನಾನು ಹನ್ನೆರಡು ವರ್ಷದ ಹಿಂದೆ ಮಾಡಿದ್ದೆ. ನೋಟ್‌ಬುಕ್ಕಲ್ಲಿ ಅಲ್ಲ, ಒಂದು ರೇಷ್ಮೆ ರವಿಕೆ ಕಣದ ಮೇಲೆ.

ಹೊಲಿಗೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಬ್ಲೌಸಿನ ತೋಳನ್ನು ಬಿಚ್ಚಿ ನೆಲಕ್ಕೆ ಹಾಸಿದರೆ ದೇವರ ಮನೆಯ ಗಂಟೆಯ ಹಾಗೆ ಕಾಣುತ್ತದೆ. ಮೇಲೆ ಉಬ್ಬು, ಕೆಳಗೆ ನೇರ ಅಂಚು. ಸುಮ್ನೆ ನೋಡಿದರೆ ಎಡಕ್ಕೂ ಬಲಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಆದರೆ ಇದೆ. ಎದೆ ಕಡೆಗೆ ಬರುವ ಬದಿಯ ಬಾಗನ್ನು ಬೆನ್ನಿನ ಕಡೆಯದಕ್ಕಿಂತ ಅರ್ಧ ಇಂಚಿನಷ್ಟು ಜಾಸ್ತಿ ಕೊರೆದು ತೆಗೆಯುತ್ತೇವೆ. ಇಲ್ಲದಿದ್ದರೆ ಕೈ ಮುಂದೆ ಚಾಚಿದಾಗ ಕಂಕುಳ ಹತ್ತಿರ ಬಟ್ಟೆ ಮುದ್ದೆಯಾಗಿ ನಿಲ್ಲುತ್ತದೆ. ಹಾಗಾಗಿ ಎಡತೋಳು ಬೇರೆ, ಬಲತೋಳು ಬೇರೆ. ಅಳತೆ ಒಂದೇ, ಆದರೆ ಒಂದು ಇನ್ನೊಂದರ ಕನ್ನಡಿ ಬಿಂಬ. ಕತ್ತರಿಸುವಾಗ ಎರಡು ತುಂಡನ್ನೂ ಮುಖಕ್ಕೆ ಮುಖ ಮಾಡಿ ಇಟ್ಟು, ಮಡಚಿ, ಮುಂದಿನ ಬದಿಯನ್ನು ಒಟ್ಟಿಗೇ ಕೊರೆಯಬೇಕು. ಆಗ ತಾನಾಗಿಯೇ ಒಂದು ಎಡ, ಒಂದು ಬಲ ಆಗುತ್ತದೆ.

ಆಗ ಮದುವೆ ಸೀಸನ್. ರಾತ್ರಿ ಹತ್ತೂವರೆ ಆಗಿತ್ತು, ಕರೆಂಟ್ ಇರಲಿಲ್ಲ. ಎಮರ್ಜೆನ್ಸಿ ಲೈಟಿನಲ್ಲಿ ಎರಡೂ ತುಂಡನ್ನು ಸೀದಾ ಮುಖ ಮೇಲೆ ಮಾಡಿ ಒಂದರ ಮೇಲೊಂದು ಇಟ್ಟು ಕತ್ತರಿ ಆಡಿಸಿಬಿಟ್ಟೆ. ಬೆಳಿಗ್ಗೆ ಜೋಡಿಸಲು ಕೂತಾಗ ಗೊತ್ತಾಯಿತು. ಎರಡೂ ಎಡಗೈ ತೋಳು. ಜರಿ ಅಂಚು ಇದ್ದದ್ದು ಎರಡು ತೋಳಿಗೆ ಲೆಕ್ಕ ಹಾಕಿದಷ್ಟೇ. ಸಾಗರದಿಂದ ಬಸ್ ಹತ್ತಿ 70 ಕಿಲೋಮೀಟರ್ ಹೋಗಿ, ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅಂಗಡಿ ಅಂಗಡಿ ಸುತ್ತಿದೆ. ಆ ಬಣ್ಣ ಸಿಕ್ಕರೆ ಅಂಚು ಇಲ್ಲ, ಅಂಚು ಸಿಕ್ಕರೆ ಬಣ್ಣ ಇಲ್ಲ. ಕೊನೆಗೆ ಹತ್ತಿರ ಹತ್ತಿರ ಹೋಲುವುದನ್ನು ತಂದು ಇದ್ದ ವಿಷಯ ಹೇಳಿದೆ. “ಆಗ್ತದೆ ಬಿಡೇ ಮಾರಾಯ್ತಿ” ಅಂದರು ಆ ಅಕ್ಕ. ಮುಂದಿನ ಬ್ಲೌಸ್ ಬೇರೆ ಕಡೆ ಕೊಟ್ಟರು.

ಇಷ್ಟೆಲ್ಲ ಮಗಳಿಗೆ ಅವತ್ತು ಹೇಳಲಿಲ್ಲ. ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, ಮೂಲೆಯ ಗೆರೆ ಮೇಲೆ ಮಡಚು ಅಂದೆ. ಮಡಚಿದಳು. ಎರಡು ಕಿವಿ ಹೊರಗೆ ಚಾಚಿಕೊಂಡವು.

“ಕೂಡ್ತಾ ಇಲ್ಲ!”

“ಹೂಂ. ಈಗ ನಡುವಿನ ಗೆರೆ ಮೇಲೆ ಮಡಚು.”

ಅಂಚಿಗೆ ಅಂಚು, ಮೂಲೆಗೆ ಮೂಲೆ ಕೂತಿತು. ಅವಳಿಗೆ ಅರ್ಧ ಸಮಾಧಾನ ಆಯಿತು, ಪೂರ್ತಿ ಆಗಲಿಲ್ಲ. ಕತ್ತರಿಸಿದ ತ್ರಿಭುಜಗಳನ್ನು ಮತ್ತೆ ತಂದು ಒಂದರ ಮೇಲೊಂದು ಇಟ್ಟು ತೋರಿಸಿದಳು. ಕೂಡುತ್ತಿದ್ದವು. ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಇಡುವ ಮೊದಲು ಒಂದು ತುಂಡನ್ನು ಮೇಜಿನ ಮೇಲೇ ಅರ್ಧ ಸುತ್ತು ತಿರುಗಿಸುತ್ತಿದ್ದಳು, ಅದು ಅವಳಿಗೇ ಗೊತ್ತಿರಲಿಲ್ಲ. “ತಿರುಗಿಸಬಾರದು, ಪುಸ್ತಕದ ಹಾಳೆ ಮಗುಚಿದ ಹಾಗೆ ಮಗುಚಿ ಇಡು” ಅಂದೆ. ಆಗ ಕೂಡಲಿಲ್ಲ. ಅಲ್ಲಿಗೆ ಅವಳ ಬಾಯಿಂದ ಒಂದು “ಓ” ಬಂತು ನೋಡಿ.

ತಿರುಗಿಸಿ ಕೂಡಿಸುವುದು ಬೇರೆ, ಮಗುಚಿ ಕೂಡಿಸುವುದು ಬೇರೆ. ಸಮಭಾಗ ಅನ್ನುವ ಪದದೊಳಗೆ ಈ ಎರಡೂ ಅಡಗಿ ಕೂತಿವೆ. ಮಕ್ಕಳು ದಾರಿ ತಪ್ಪುವುದು ಅಲ್ಲೇ. ನನ್ನ ಕೇಳಿದರೆ ಮೊದಲ ದಿನ ಆ ಪದವನ್ನೇ ಎತ್ತಬಾರದು. ಸ್ಕೇಲನ್ನೂ ಕೊಡಬಾರದು. ಮಡಚಿದರೆ ಕೂಡುತ್ತಾ, ಅಷ್ಟೇ ಕೇಳಬೇಕು.

ಕೈಗನ್ನಡಿ ತಂದು ಆಯತದ ಮೂಲೆಯ ಗೆರೆ ಮೇಲೆ ನೆಟ್ಟಗೆ ನಿಲ್ಲಿಸಿದೆವು. ಇತ್ತ ಅರ್ಧ ಕಾಗದ, ಅತ್ತ ಅದರ ಬಿಂಬ. ಎರಡೂ ಸೇರಿ ಕಂಡದ್ದು ಆಯತ ಅಲ್ಲ, ಗಾಳಿಪಟ. “ಬಾಲ ಒಂದು ಕಮ್ಮಿ” ಅಂದಳು. ಕನ್ನಡಿಯನ್ನು ನಡುವಿನ ಗೆರೆಗೆ ಸರಿಸಿದರೆ ಆಯತ ವಾಪಸ್ ಬಂತು. ಈ ಆಟ ರಾತ್ರಿ ಊಟದ ತನಕ ನಡೆಯಿತು. ಬ್ಲೌಸ್ ಹೊಲಿಯುವುದು ನಾಳೆಗೆ ಹೋಯಿತು.

ಮರುದಿನದಿಂದ ಅಕ್ಕಪಕ್ಕದ ಮಕ್ಕಳೂ ಸೇರಿಕೊಂಡವು. ಅಡಿಕೆ ಕೊಯ್ಲು ಶುರುವಾದರೆ ನಮ್ಮ ಕೇರಿಯ ಹೆಂಗಸರು ಸಂಜೆಯಾದರೂ ಸುಲಿಯುವ ಕೆಲಸದಿಂದ ಏಳುವುದಿಲ್ಲ, ಮಕ್ಕಳು ನನ್ನ ಜಗಲಿಗೆ ಬಂದು ಬೀಳುತ್ತವೆ. ಒಟ್ಟು ಐದು ಜನ. ನನ್ನ ಹತ್ತಿರ ಹಳೇ ಪೇಪರಿಗೆ ಬರವಿಲ್ಲ, ಪೇಪರ್ ಕಟಿಂಗ್, ಅಂದರೆ ಬಟ್ಟೆ ಮೇಲೆ ಇಟ್ಟು ಕತ್ತರಿಸುವ ಕಾಗದದ ಮಾದರಿ, ಮಾಡಲು ಇಟ್ಟುಕೊಂಡಿರುತ್ತೇನೆ. ಬ್ಲೌಸಿನ ಬೆನ್ನಿನ ಭಾಗದ ಕಟಿಂಗ್ ತೆಗೆದು ತೋರಿಸಿದೆ. ಅದರಲ್ಲಿ ಅರ್ಧ ಬೆನ್ನು ಮಾತ್ರ ಇರುತ್ತದೆ. ಮಡಚಿದ ಬಟ್ಟೆ ಮೇಲೆ ಇಟ್ಟು ಕತ್ತರಿಸಿದರೆ ಇನ್ನರ್ಧವನ್ನು ಮಡಿಕೆಯೇ ಕೊಡುತ್ತದೆ.

“ಈಗ ನೀವು ಕತ್ತರಿಸಿ. ಆದರೆ ಬಿಚ್ಚೋ ಮೊದಲು ಏನು ಬರುತ್ತೆ ಅಂತ ಹೇಳಬೇಕು.”

ಎಲ್ಲರಿಗಿಂತ ಚುರುಕಿನ ಹುಡುಗ ಹೃದಯ ಮಾಡ್ತೀನಿ ಅಂತ ಅರ್ಧ ಹೃದಯ ಬರೆದು ಕತ್ತರಿಸಿದ. ಬಿಚ್ಚಿದರೆ ಕೈಯಲ್ಲಿ ಎರಡು ಚೂರು. ಮಡಿಕೆ ಇರುವ ಬದಿಯನ್ನು ಬಿಟ್ಟು ತೆರೆದ ಬದಿಗೆ ಹೃದಯದ ನಡುವನ್ನು ಇಟ್ಟಿದ್ದ. ಉಳಿದವರು ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. ಹೊಲಿಗೆ ಕಲಿಯುವಾಗ ನಾನೂ ಇದೇ ಮಾಡಿ ಬೆನ್ನಿನ ಮಧ್ಯೆ ಒಂದು ಹೊಲಿಗೆ ಹಾಕಿ “ಇದು ಹೊಸ ಫ್ಯಾಷನ್” ಅಂದವಳು. ಸಮಮಿತಿ ರೇಖೆ ಯಾವುದು ಅಂತ ಆ ಹುಡುಗನಿಗೆ ಆಮೇಲೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಹೃದಯ ಎರಡು ಚೂರಾದವನು ಅದನ್ನು ಮರೆಯುವುದಿಲ್ಲ.

ಚೌಕ ಮಾಡುವುದು ಅವರಿಗೆ ಗೊತ್ತಿತ್ತು. ಹಾಳೆಯ ಮೂಲೆಯನ್ನು ಎದುರಿನ ಅಂಚಿಗೆ ಮಡಚಿ, ಮಿಕ್ಕ ಪಟ್ಟಿಯನ್ನು ಹರಿದು ಬಿಸಾಡಿದರಾಯಿತು. ಚೌಕದಲ್ಲಿ ನಾಲ್ಕು ಮಡಿಕೆಯೂ ಕೂಡಿತು. ನಡುವಿನದು ಎರಡು, ಮೂಲೆಯದು ಎರಡು. ಆಮೇಲೆ ಶಂಕರಪೋಳಿ ಆಕಾರದ ಕಾಗದ ಕೊಟ್ಟೆ. ಪುಸ್ತಕದಲ್ಲಿ ಅದಕ್ಕೆ ವಜ್ರಾಕೃತಿ ಅನ್ನುತ್ತಾರೆ. ಇಲ್ಲೊಂದು ತಮಾಷೆ ಇದೆ. ಆಯತದಲ್ಲಿ ನಡುವಿನ ಗೆರೆ ಕೂಡುತ್ತದೆ, ಮೂಲೆಯದು ಕೂಡುವುದಿಲ್ಲ. ಶಂಕರಪೋಳಿಯಲ್ಲಿ ಮೂಲೆಯದು ಕೂಡುತ್ತದೆ, ನಡುವಿನದು ಕೂಡುವುದಿಲ್ಲ. ಚೌಕದಲ್ಲಿ ಎರಡೂ. ಒಬ್ಬಳು ಮೂರನ್ನೂ ಸಾಲಾಗಿ ಇಟ್ಟು ಬಹಳ ಹೊತ್ತು ನೋಡಿ, “ಚೌಕ ಇವೆರಡಕ್ಕೂ ನೆಂಟ ಅತ್ತೆ” ಅಂದಳು. ಚೌಕ ಆಯತವೂ ಹೌದು, ವಜ್ರಾಕೃತಿಯೂ ಹೌದು ಅಂತ ಇದಕ್ಕಿಂತ ಚೆನ್ನಾಗಿ ನನಗಂತೂ ಹೇಳಲು ಬರುವುದಿಲ್ಲ.

ಸಮಾಂತರ ಚತುರ್ಭುಜಕ್ಕೆ ಉದಾಹರಣೆ ನನ್ನ ಡಬ್ಬಿಯಲ್ಲೇ ಇತ್ತು. ಕುತ್ತಿಗೆಗೆ ಪೈಪಿಂಗ್ ಕೊಡಲು ಬಟ್ಟೆಯನ್ನು ಓರೆಯಾಗಿ ಕತ್ತರಿಸಿದ ಕ್ರಾಸ್ ಪಟ್ಟಿ. ಎರಡು ತುದಿಯೂ ಒಂದೇ ಕಡೆಗೆ ವಾಲಿರುತ್ತವೆ. ಉದ್ದಕ್ಕೆ ಮಡಚಿದರು, ಅಡ್ಡಕ್ಕೆ ಮಡಚಿದರು, ಮೂಲೆಗೆ ಮಡಚಿದರು. ಎಲ್ಲಿ ಮಡಚಿದರೂ ಒಂದು ತುದಿ ಮೂಗು ಚಾಚುತ್ತದೆ. ಒಂದೂ ಗೆರೆ ಇಲ್ಲ. ಅರ್ಧ ಸುತ್ತು ತಿರುಗಿಸಿದರೆ ಮಾತ್ರ ಮೊದಲಿನ ಹಾಗೇ ಕೂರುತ್ತದೆ. ಇಂಗ್ಲಿಷಿನ ಎನ್, ಎಸ್, ಜಡ್ ಅಕ್ಷರಗಳದ್ದೂ ಇದೇ ಕಥೆ. ನೋಡಲು ಅಚ್ಚುಕಟ್ಟು, ಮಡಚಿದರೆ ಮೋಸ.

ತ್ರಿಭುಜಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೂರು ಬದಿ ಸಮ ಇದ್ದರೆ ಮೂರು ಗೆರೆ, ಎರಡು ಸಮ ಇದ್ದರೆ ಒಂದು, ಯಾವುದೂ ಸಮ ಇಲ್ಲದಿದ್ದರೆ ಸೊನ್ನೆ.

ಕನ್ನಡ ಅಕ್ಷರದಲ್ಲಿ ಹುಡುಕಿ ಅಂದಾಗ ಎಲ್ಲರೂ ‘ಠ’ ಅಂತ ಕೂಗಿದರು. ದುಂಡಗೆ, ನಡುವೆ ಚುಕ್ಕಿ, ಸರಿಯಾಗೇ ಇದೆ. ಆದರೆ ತಲೆಕಟ್ಟು? ಅದರ ಕೊಂಕು ಬಲಕ್ಕೆ ಮಾತ್ರ. ಕನ್ನಡಿ ಇಟ್ಟರೆ ಎರಡೂ ಕಡೆ ಕೊಂಬು ಬಂದು ಎಮ್ಮೆ ಆಗುತ್ತದೆ. ನಮ್ಮ ಅಕ್ಷರಗಳು ಬಳ್ಳಿಯ ಹಾಗೆ ಒಂದೇ ಕಡೆ ಸುತ್ತಿಕೊಳ್ಳುತ್ತವೆ. ಕಡೆಗೆ ಎಲ್ಲರೂ ಒಪ್ಪಿದ್ದು ಸೊನ್ನೆಯನ್ನು, ಅದನ್ನೂ ದುಂಡಗೆ ಬರೆದರೆ ಮಾತ್ರ.

ಆ ಸೊನ್ನೆಯಿಂದಲೇ ವೃತ್ತಕ್ಕೆ ಬಂದೆವು. ಸ್ಟೀಲ್ ಡಬ್ಬಿಯ ಮುಚ್ಚಳ ಇಟ್ಟು ಗೆರೆ ಎಳೆದು ಕತ್ತರಿಸಿದ ಕಾಗದ. ಒಮ್ಮೆ ಮಡಚಿದರೆ ಒಂದು ಗೆರೆ, ಅದರ ಮೇಲೆ ಇನ್ನೊಮ್ಮೆ ಮಡಚಿದರೆ ಎರಡು, ಮತ್ತೆ ಮಡಚಿದರೆ ನಾಲ್ಕು, ನಾಲ್ಕನೇ ಸಲಕ್ಕೆ ಎಂಟು. ಐದನೇ ಸಲ ಹಲ್ಲಿನಲ್ಲಿ ಕಚ್ಚಿ ಮಡಚಿದರು. “ಇನ್ನೂ ತೆಳು ಕಾಗದ ಇದ್ರೆ ಇನ್ನೂ ಬರುತ್ತೆ” ಅಂದ ಹೃದಯದ ಹುಡುಗ. “ಎಲ್ಲಿ ತನಕ?” ಅಂದೆ. ಸ್ವಲ್ಪ ಯೋಚಿಸಿ, “ಎಣಿಸೋಕೆ ಹೋಗಬಾರದು” ಅಂದ. ಇನ್ನೊಂದು ಲಾಭವೂ ಆಯಿತು. ಗೆರೆಗಳೆಲ್ಲ ಒಂದೇ ಚುಕ್ಕಿಯಲ್ಲಿ ಸೇರಿದ್ದವು. ಕೈವಾರ ಇಲ್ಲದೆ ವೃತ್ತದ ನಡು ಸಿಕ್ಕಿತ್ತು. ಅಂಬ್ರೆಲಾ ಲಂಗ ಕತ್ತರಿಸುವಾಗ ನಾವು ಬಟ್ಟೆಯನ್ನು ನಾಲ್ಕು ಪದರ ಮಡಚಿ ಸೊಂಟದ ಅಳತೆ ತೆಗೆಯುವುದೂ ಇದೇ ಚುಕ್ಕಿಯಿಂದ.

ಶನಿವಾರ ಮಧ್ಯಾಹ್ನ ಕಾಗದ ಬಿಟ್ಟು ಹಿತ್ತಿಲಿಗೆ ಇಳಿದೆವು. ಚಪ್ಪರದಲ್ಲಿ ಬಸಳೆ ಹಣ್ಣಾಗಿತ್ತು. ಕಾಗದ ಮಡಚಿ, ಒಳಗೆ ನಾಲ್ಕು ಬಸಳೆ ಹಣ್ಣು ಇಟ್ಟು, ಅಂಗೈಯಲ್ಲಿ ಒತ್ತಿ ಬಿಚ್ಚಿದರೆ ನೇರಳೆ ಬಣ್ಣದ ಚಿಟ್ಟೆ, ಏಡಿ, ಭೂತ ಏನು ಬೇಕೋ ಅದು. ಎಲ್ಲದಕ್ಕೂ ನಡುವೆ ಒಂದೇ ಗೆರೆ. ಯೂನಿಫಾರ್ಮ್ ಹಾಕಿಕೊಂಡೇ ಬಂದಿದ್ದ ಒಬ್ಬನ ಅಂಗಿಯ ಮೇಲೂ ಒಂದು ಏಡಿ ಬಂತು. ಅವನ ಅಮ್ಮ ನನ್ನ ಹತ್ತಿರ ಎರಡು ದಿನ ಮಾತಾಡಲಿಲ್ಲ.

ಎಲೆಗಳಲ್ಲಿ ಮಂದಾರ ಎಲ್ಲರಿಗೂ ಇಷ್ಟವಾಯಿತು, ಮೊದಲೇ ಮಡಚಿಟ್ಟ ಹಾಗೆ ಇರುತ್ತದಲ್ಲ. ಆದರೆ ನನಗೆ ಖುಷಿ ಕೊಟ್ಟದ್ದು ಹಾಲವಾಣ. ಕಾಳುಮೆಣಸಿನ ಬಳ್ಳಿ ಹಬ್ಬಿಸಲು ನೆಟ್ಟ ಮರ. ಒಂದು ತೊಟ್ಟಿಗೆ ಮೂರು ಎಲೆ. ನಡುವಿನದನ್ನು ಮಡಚಿದರೆ ಹೆಚ್ಚುಕಮ್ಮಿ ಕೂಡುತ್ತದೆ. ಅಕ್ಕಪಕ್ಕದ ಎರಡು ಓರೆ, ಒಂದು ಬದಿ ಅಗಲ, ಒಂದು ಬದಿ ಕಿರಿದು. ಆದರೆ ಆ ಎರಡನ್ನೂ ಕಿತ್ತು ಮುಖಕ್ಕೆ ಮುಖ ಇಟ್ಟರೆ ಒಂದಕ್ಕೊಂದು ಕೂಡುತ್ತವೆ. ಒಂದು ಎಡತೋಳು, ಒಂದು ಬಲತೋಳು. ಮರಕ್ಕೆ ಕಟಿಂಗ್ ಯಾರು ಕಲಿಸಿದರೋ!

ನಂದಿಬಟ್ಟಲು ಹೂವಿನ ಹತ್ತಿರ ಜಗಳವೇ ಆಯಿತು. ಐದು ಎಸಳು, ಐದು ಗೆರೆ ಅಂತ ಎಲ್ಲರ ವಾದ. ನೋಟ್‌ಬುಕ್ಕಿನಲ್ಲಿ ಬರೆಯುವ ದುಂಡು ಎಸಳಿನ ಹೂವಿಗೆ ಐದು ಗೆರೆ ಹೌದು. ಆದರೆ ನಿಜವಾದ ನಂದಿಬಟ್ಟಲನ್ನು ಹತ್ತಿರದಿಂದ ನೋಡಿ. ಎಸಳುಗಳೆಲ್ಲ ಒಂದೇ ಕಡೆಗೆ ತಿರುಚಿಕೊಂಡಿರುತ್ತವೆ, ಯಾರೋ ಹಿಡಿದು ತಿರುಗಿಸಿ ಬಿಟ್ಟ ಹಾಗೆ. ಹಳೇ ಡೈರಿಯೊಳಗೆ ಒಂದು ರಾತ್ರಿ ಒತ್ತಿಟ್ಟು, ಮರುದಿನ ಚಪ್ಪಟೆಯಾದ ಹೂವನ್ನು ಮೆಲ್ಲಗೆ ಮಡಚಿದೆವು. ಒಂದು ಬದಿಯ ತುದಿ ಮೇಲಕ್ಕೆ, ಇನ್ನೊಂದು ಬದಿಯದು ಕೆಳಕ್ಕೆ. ಕೂಡಲಿಲ್ಲ. ಐದರಲ್ಲಿ ಒಂದು ಭಾಗ ಸುತ್ತು ತಿರುಗಿಸಿದರೆ ಮಾತ್ರ ಎಸಳಿನ ಜಾಗಕ್ಕೆ ಎಸಳು ಬಂದು ಕೂರುತ್ತದೆ. “ಗಿರಿಗಿಟ್ಲೆ ಹಾಗೆ” ಅಂದಳು ಮಗಳು. ದಿನಾ ದೇವರಿಗೆ ಏರಿಸುವ ಹೂವು, ನಾನೂ ಇಷ್ಟು ವರ್ಷ ನೋಡಿರಲಿಲ್ಲ.

ಮಕ್ಕಳಲ್ಲಿ ಒಬ್ಬಳ ಅಜ್ಜಿ ಚಿತ್ತಾರ ಬರೆಯುತ್ತಾರೆ. ನಮ್ಮ ಕಡೆ ದೀವರ ಮನೆಗಳಲ್ಲಿ ಭೂಮಿ ಹುಣ್ಣಿಮೆಗೆ, ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಲ್ಲಿ ಗೆರೆ ಎಳೆಯುತ್ತಾರೆ. ಆ ಬುಟ್ಟಿ ಇನ್ನೂ ಅವರ ಮನೆಯಲ್ಲಿತ್ತು. ಹುಡುಗಿ ಹೇಳಿದ ಮಾತು ನನಗೆ ತಟ್ಟಿತು: “ಅಜ್ಜಿ ಆಚೆ ಒಂದು ಎಳೆದ್ರೆ ಈಚೆ ಒಂದು ಎಳೀತಾರೆ. ನಡುವಿನ ಗೆರೆ ಮಾತ್ರ ಎಳೆಯೋದೇ ಇಲ್ಲ.” ಅಲ್ವಾ ಮತ್ತೆ! ಮಕ್ಕಳು ಸಮಮಿತಿ ರೇಖೆಯನ್ನು ಆಕೃತಿಯೊಳಗೆ ಇರುವ ಒಂದು ಗೆರೆ ಅಂದುಕೊಳ್ಳುತ್ತಾರೆ. ಅದು ಇರುವುದಿಲ್ಲ. ನಾವು ಇದೆ ಅಂತ ಕಾಣಬೇಕು. ಕೆಳದಿಯ ರಾಮೇಶ್ವರ ದೇವಸ್ಥಾನದ ಚಾವಣಿಯಲ್ಲಿ ಗಂಡಭೇರುಂಡ ಕೆತ್ತಿದ್ದಾರಲ್ಲ, ಅದನ್ನು ನೋಡಲು ಕರೆದುಕೊಂಡು ಹೋದಾಗಲೂ ಇವರು ಕತ್ತು ಮೇಲೆತ್ತಿ ಎರಡು ತಲೆಯ ನಡುವೆ ಬೆರಳಿನಲ್ಲಿ ಗಾಳಿಗೆ ಗೆರೆ ಎಳೆಯುತ್ತಿದ್ದರು. ಬರುವಾಗ ಸರ್ಕಾರಿ ಬಸ್ಸಿನ ಮೈಮೇಲೆ ಅದೇ ಹಕ್ಕಿ ಕಂಡು ಮತ್ತೆ ಗಾಳಿಯಲ್ಲಿ ಬೆರಳು. ಕಂಡಕ್ಟರ್ ತನ್ನನ್ನೇ ಅಣಕಿಸುತ್ತಿದ್ದಾರೆ ಅಂದುಕೊಂಡರು.

ಕೊನೆಗೆ ಟ್ರಂಕ್ ತೆಗೆದೆ. ತಳದಲ್ಲಿ ಆ ಎರಡು ತೋಳು ಇದ್ದವು. ಎಸೆಯಲು ಮನಸ್ಸಾಗದೆ ಇಟ್ಟುಕೊಂಡಿದ್ದೆ. ಗಿಳಿಹಸಿರು ರೇಷ್ಮೆ, ಅಂಗೈಯಗಲ ಜರಿ. ಚಾಪೆ ಮೇಲೆ ಹಾಸಿ, ಶಿವಮೊಗ್ಗದ ಬಸ್ಸಿನ ಕಥೆಯನ್ನೂ ಸೇರಿಸಿ ಎಲ್ಲ ಹೇಳಿದೆ. ಮಕ್ಕಳು ಮಡಚಿದರು, ಕನ್ನಡಿ ಇಟ್ಟರು, ತಿರುಗಿಸಿದರು. ಒಂದರ ಮೇಲೆ ಒಂದು ಸುಮ್ನೆ ಇಟ್ಟರೆ ಪಕ್ಕಾ ಕೂಡುತ್ತದೆ. ಅದೇ ತೊಂದರೆ.

ಮಗಳು ಒಂದು ತೋಳನ್ನು ಎತ್ತಿ, ಪುಸ್ತಕದ ಹಾಳೆ ಮಗುಚಿದ ಹಾಗೆ ಮಗುಚಿ ಇನ್ನೊಂದರ ಪಕ್ಕ ಇಟ್ಟಳು.

“ಅಮ್ಮಾ, ಬಲಗೈ ಆಯ್ತು ನೋಡು. ಉಲ್ಟಾ ಮಾಡಿದ್ರೆ ಸರಿಯಾಗ್ತಿತ್ತಲ್ಲ! ಶಿವಮೊಗ್ಗಕ್ಕೆ ಯಾಕೆ ಹೋದೆ?”

ಆಗುತ್ತಿತ್ತು. ಆದರೆ ಒಂದು ಕೈಗೆ ಜರಿ ಹೊರಗೆ, ಇನ್ನೊಂದು ಕೈಗೆ ಜರಿ ಒಳಗೆ. ಮದುವೆಮನೆಯಲ್ಲಿ ಆ ಅಕ್ಕ ಇಡೀ ದಿನ ತೋಳು ಕೆರೆದುಕೊಳ್ಳುತ್ತಾ ಕೂರಬೇಕಿತ್ತು.